ಕಣ್ಣಿಗೂ ಗಾಜಿಗೂ ನಡುವೆ ನಾಲ್ಕು ಬೆರಳು

ಚಿಟ್ಟೆ ಅರೆಯುವುದು ನನ್ನ ಕೆಲಸವಾಗಿತ್ತು. ಹೀಗೆ ಹೇಳಿದರೆ ಈಗಿನವರು ನಗುತ್ತಾರೆ. ಆದರೆ ಚನ್ನಪಟ್ಟಣದ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಹನ್ನೊಂದು ವರ್ಷ ನಾನು ಮಾಡಿದ್ದು ಅದನ್ನೇ. ತಾಯಿ ಚಿಟ್ಟೆ ಹಾಳೆಯ ಮೇಲೆ ಮೊಟ್ಟೆ ಇಟ್ಟು ಮುಗಿಸಿದ ಮೇಲೆ ಅದನ್ನು ಪುಟ್ಟ ಒರಳಿಗೆ ಹಾಕಿ, ಎರಡು ತೊಟ್ಟು ನೀರು ಬಿಟ್ಟು ಅರೆಯಬೇಕು. ಆ ರಸದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತಾಯಿಗೆ ಗಂಟುರೋಗವಿದ್ದರೆ ಅಕ್ಕಿಕಾಳಿನ ಆಕಾರದ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಡಬೇಕು. ಕಾಣದಿದ್ದರೆ ಆ ಹಾಳೆ ರೈತರ ಮನೆಗೆ ಹೋಗುತ್ತದೆ.

ಅರೆದ ಚಿಟ್ಟೆಗೆ ಒಂದು ವಾಸನೆಯಿದೆ. ಹಳಸಿದ ಎಣ್ಣೆಗೆ ಹಸಿ ಮಣ್ಣು ಕಲಸಿದಂತೆ. ಸೀಗೆಪುಡಿ ಹಾಕಿ ತಿಕ್ಕಿದರೂ ಉಗುರ ಸಂದಿಯಿಂದ ಹೋಗುತ್ತಿರಲಿಲ್ಲ. ನನ್ನ ಹೆಂಡತಿ ಊಟಕ್ಕೆ ಬಡಿಸುವಾಗ ನನ್ನ ಬಲಗೈ ಕಡೆ ನೋಡುತ್ತಲೇ ಇರಲಿಲ್ಲ. ಆ ವಾಸನೆಗಿಂತ ಕೆಟ್ಟದ್ದು ನನ್ನ ಕೈಗೆ ಎಂದೂ ಅಂಟಲಾರದು ಎಂದು ನಾನು ಆಗ ತಿಳಿದಿದ್ದೆ.

ಒಂದು ದಿನ ಕೇಂದ್ರವನ್ನು ನೋಡಲು ಬೆಂಗಳೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಬಂದರು. ಅವರು ಯಾವ ಇಲಾಖೆಯವರು ಎಂಬುದು ಇಲ್ಲಿ ಬೇಡ. ಐವತ್ತರ ಆಸುಪಾಸು, ದಪ್ಪ ಮೀಸೆ, ಜರಿಪೇಟ, ಮಂಡಿಯವರೆಗೆ ಬರುವ ಬೂಟು. ಹುಳು ಸಾಕುವ ಮನೆಯೊಳಗೆ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನಡೆದರು. ನನ್ನ ಮೇಜಿನ ಹತ್ತಿರ ಬಂದಾಗ ಮಾತ್ರ ನಿಂತು, "ಎಲ್ಲಿ, ತೋರಿಸಯ್ಯ" ಎಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಏನೂ ಕಾಣೋದಿಲ್ಲವಲ್ಲ. ಬರೀ ಮಂಜು."

ನಾನು ಪಕ್ಕದಲ್ಲಿ ನಿಂತು ತಿರುಪನ್ನು ಒಂದು ಕೂದಲಿನಷ್ಟು ತಿರುಗಿಸಿ, "ಈಗ?" ಎಂದೆ. ಇನ್ನೊಂದು ಕೂದಲು ತಿರುಗಿಸಿದೆ.

"ಓಹೋ!" ಎಂದರು. ಆಮೇಲೆ ನನ್ನ ಮುಖವನ್ನು ಮೊದಲ ಸಲ ನೋಡಿದರು. "ನಿನ್ನ ಕಣ್ಣು ಬೇರೆ, ನನ್ನ ಕಣ್ಣು ಬೇರೆ. ನನಗೆ ಯಾವಾಗ ಸರಿಯಾಗಿ ಕಾಣುತ್ತೆ ಅಂತ ನಿನಗೆ ಹೇಗೆ ಗೊತ್ತಾಯಿತು?"

"ಅಭ್ಯಾಸ, ಸ್ವಾಮಿ. ನೋಡುವವರ ಹುಬ್ಬು ಸಡಿಲವಾದರೆ ಕಾಣ್ತು ಅಂತ ಅರ್ಥ."

ಅವರು ಗಟ್ಟಿಯಾಗಿ ನಕ್ಕರು. ಭಾನುವಾರ ಕ್ಲೋಸ್‌ಪೇಟೆಯ ಬಂಗಲೆಗೆ ಬರಬೇಕೆಂದು ಅಲ್ಲಿಯೇ ಹುಕುಂ ಮಾಡಿದರು. ಈಗ ರಾಮನಗರ ಎನ್ನುವ ಊರನ್ನು ಆಗ ಹಾಗೆ ಕರೆಯುತ್ತಿದ್ದರು. ನಮ್ಮ ಮೇಲಧಿಕಾರಿಗೆ ಎಲ್ಲಿಲ್ಲದ ಸಂತೋಷವಾಯಿತು. ನನಗೂ ಆಯಿತು ಎಂದು ಒಪ್ಪಿಕೊಳ್ಳಬೇಕು. ಹನ್ನೊಂದು ವರ್ಷದಲ್ಲಿ ನನ್ನ ಕಣ್ಣನ್ನು ಯಾರೂ ಹೊಗಳಿರಲಿಲ್ಲ.

ಭಾನುವಾರ ಬೆಳಗಿನ ರೈಲಿಗೆ ಹೋದೆ. ಬಂಗಲೆಯ ಜಗಲಿಯ ಮೇಲೆ ಒಂದು ರೈಫಲ್ ಇತ್ತು. ಅದರ ಬೆನ್ನಿಗೆ ಎರಡು ಬಳೆಗಳಲ್ಲಿ ಬಿಗಿದ ಕಪ್ಪು ಕೊಳವೆ. ಜರ್ಮನಿಯಿಂದ ತರಿಸಿದ್ದಂತೆ, ಹೊಸ ಬಗೆಯದು. ಹಳೆಯ ದೂರಬೀನುಗಳು ಒಂದೇ ಅಳತೆಯಲ್ಲಿ ದೊಡ್ಡದು ಮಾಡಿ ತೋರಿಸುತ್ತವೆ. ಇದರ ನಡುವಿನ ಉಂಗುರ ತಿರುಗಿಸಿದರೆ ಎದುರಿನ ವಸ್ತು ಇದ್ದಷ್ಟೇ ಕಾಣುವುದರಿಂದ ಹಿಡಿದು ಆರು ಪಟ್ಟು ದೊಡ್ಡದಾಗುವವರೆಗೆ ಬದಲಾಗುತ್ತಿತ್ತು. ಬೆಂಗಳೂರಿನ ಕೋವಿ ರಿಪೇರಿಯವನೊಬ್ಬ ಅದನ್ನು ರೈಫಲ್ಲಿಗೆ ಕೂರಿಸಿಕೊಟ್ಟಿದ್ದ. ಆದರೆ ಅಧಿಕಾರಿಗೆ ಅದರಲ್ಲಿ ನೋಡಿದಾಗಲೆಲ್ಲ ಕತ್ತಲೆಯ ನಡುವೆ ಒಂದು ಮಸುಕು ಚುಕ್ಕೆ ಮಾತ್ರ ಕಾಣುತ್ತಿತ್ತು. ಗುಂಡು ಹಾರಿಸಿದಾಗಲೆಲ್ಲ ಗುರಿ ತಪ್ಪಿ ಎತ್ತಲೋ ಹೋಗುತ್ತಿತ್ತು.

ನನಗೆ ಕೋವಿಯ ವಿಷಯ ಏನೂ ಗೊತ್ತಿರಲಿಲ್ಲ. ಗಾಜಿನ ವಿಷಯ ಗೊತ್ತಿತ್ತು. ಗುಂಡಿಲ್ಲವೆಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು ಅದನ್ನು ಜಗಲಿಯ ಕಟ್ಟೆಗೆ ಒರಗಿಸಿ ನೋಡಿದೆ. ಒಳಗೆ ಕೆಳಗಿನಿಂದ ಎದ್ದ ಒಂದು ಮೊನಚು ಕಡ್ಡಿ, ಎರಡು ಪಕ್ಕಕ್ಕೆ ಅಡ್ಡಪಟ್ಟಿ. ಕಡ್ಡಿಯ ತುದಿಗೆ ಗುರಿ ಕೂರಬೇಕು. ಕಣ್ಣಿನ ಕಡೆಯ ಗಾಜಿನ ಸುತ್ತ ತಿರುಗುವ ಪಟ್ಟಿಯಿತ್ತು. ಅದು ನೋಡುವವನ ಕಣ್ಣಿಗೆ ಹೊಂದಿಸುವುದಕ್ಕೆ. ಅಧಿಕಾರಿಯನ್ನು ಆಕಾಶದ ಕಡೆ ನೋಡಲು ಹೇಳಿ, "ದಿಟ್ಟಿಸಬೇಡಿ ಸ್ವಾಮಿ, ಕಣ್ಣು ಮುಚ್ಚಿ, ತೆರೆದ ತಕ್ಷಣ ಕಡ್ಡಿ ಕಪ್ಪಗೆ ಕಂಡಿತೇ ಹೇಳಿ" ಎಂದೆ. ದಿಟ್ಟಿಸಿದರೆ ಕಣ್ಣು ತಾನೇ ಒದ್ದಾಡಿ ಮಸುಕನ್ನು ಸರಿಮಾಡಿಕೊಂಡು ಬಿಡುತ್ತದೆ, ಆಮೇಲೆ ದಣಿದು ಕೈಕೊಡುತ್ತದೆ. ಏಳೆಂಟು ಸಲ ಮಾಡಿದ ಮೇಲೆ ಕಡ್ಡಿ ಸ್ಪಷ್ಟವಾಯಿತು. ಅವರ ಬಲಗಣ್ಣಿನ ಶಕ್ತಿ ಕುಂದಿದೆ ಎಂದು ನನಗೆ ಆಗಲೇ ತಿಳಿಯಿತು. ಆಳುಗಳ ಎದುರು ಕನ್ನಡಕ ಹಾಕಲು ಅವರಿಗೆ ನಾಚಿಕೆ.

ಇನ್ನು ಕತ್ತಲೆಯ ವಿಷಯ. ಕಣ್ಣು ಗಾಜಿನಿಂದ ಎಷ್ಟು ದೂರವಿರಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. ಹೆಚ್ಚು ಹಿಂದಿದ್ದರೂ ಮುಂದಿದ್ದರೂ ಅಂಚಿನಲ್ಲಿ ಕಪ್ಪು ನೆರಳು ಕವಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣು ಗಾಜಿಗೆ ತಾಗಿದಂತಿದ್ದರೂ ನಡೆಯುತ್ತದೆ. ಕೋವಿ ಹಾಗಲ್ಲ, ಅದು ಒದೆಯುತ್ತದೆ. ಅದಕ್ಕೇ ಈ ಕೊಳವೆಯನ್ನು ನಾಲ್ಕು ಬೆರಳು ದೂರದಿಂದ ನೋಡುವಂತೆ ಮಾಡಿದ್ದರು. ರಿಪೇರಿಯವನು ಅದನ್ನು ತೀರ ಹಿಂದಕ್ಕೆ ಕೂರಿಸಿದ್ದ. ಬಳೆಗಳ ತಿರುಪು ಸಡಿಲಿಸಿ ಕೊಳವೆಯನ್ನು ಒಂದೂವರೆ ಬೆರಳು ಮುಂದಕ್ಕೆ ಸರಿಸಿ ಬಿಗಿದೆ. ಅಧಿಕಾರಿ ಕೆನ್ನೆಯನ್ನು ಕೋವಿಯ ಮರಕ್ಕೆ ಇಟ್ಟರು. ಹುಬ್ಬು ಸಡಿಲವಾಯಿತು.

"ಅಬ್ಬ! ಬೆಟ್ಟ ಎದ್ದು ಮುಖದ ಮೇಲೆ ಬಂತಲ್ಲಯ್ಯ!"

"ಸ್ವಾಮಿ, ಒಂದು ಮಾತು. ಒಂದು, ಎರಡು ಪಟ್ಟಿನಲ್ಲಿ ಕಣ್ಣು ಸ್ವಲ್ಪ ಹಿಂದೆ ಮುಂದೆ ಆದರೂ ಪರವಾಗಿಲ್ಲ. ಆರಕ್ಕೆ ತಿರುಗಿಸಿದರೆ ಕಣ್ಣು ಇದ್ದ ಜಾಗ ಬಿಟ್ಟು ಕದಲಬಾರದು. ಕದಲಿದರೆ ಕತ್ತಲೆ. ಕತ್ತಲೆ ಅಂತ ಮುಂದಕ್ಕೆ ಬಗ್ಗಿದರೆ ಕೋವಿ ಒದ್ದಾಗ ಗಾಜಿನ ಉಂಗುರ ಹುಬ್ಬಿಗೆ ಹೊಡೆಯುತ್ತೆ."

"ಸರಿ ಸರಿ, ಪಾಠ ಸಾಕು" ಎಂದರು.

ಬಂಡೆಗೆ ಒಂದು ಕಾಗದ ಅಂಟಿಸಿ ಗುರಿ ಪರೀಕ್ಷಿಸೋಣ ಎಂದು ನಾನು ಹೇಳುತ್ತಿದ್ದಂತೆಯೇ ಅವರು ಗುಂಡು ತುಂಬಿ ರಾಮದೇವರ ಬೆಟ್ಟದ ದಿಕ್ಕಿಗೆ ನಡೆದರು. ನಾನೂ ಹಿಂದೆ ಹೋದೆ. ಅಲ್ಲಿಯ ಕಡಿದಾದ ಬಂಡೆಯ ಸಂದುಗಳಲ್ಲಿ ರಣಹದ್ದುಗಳ ಗೂಡುಗಳಿವೆ. ಒಂದು ಹದ್ದು ರೆಕ್ಕೆ ಅಗಲಿಸಿ ಬಿಸಿಲು ಕಾಯುತ್ತಿತ್ತು. ಅವರು ಬಂಡೆಯೊಂದಕ್ಕೆ ಕೋವಿ ಒರಗಿಸಿ ಅದನ್ನು ಹೊಡೆದರು. ಅದು ಬಂಡೆಯ ಮೈಗೆ ಎರಡು ಕಡೆ ಬಡಿದುಕೊಂಡು ಕೆಳಗಿನ ಪೊದೆಗೆ ಬಿತ್ತು.

"ಫಸ್ಟ್ ಕ್ಲಾಸ್!" ಎಂದು ನನ್ನ ಬೆನ್ನು ತಟ್ಟಿದರು. ಆಳುಗಳು ಭಲೇ ಎಂದರು. ತಿನ್ನುವುದಕ್ಕಲ್ಲ, ಚರ್ಮಕ್ಕಲ್ಲ, ಯಾವುದಕ್ಕೂ ಬೇಡದ ಹಕ್ಕಿ. ಹತ್ತಿರ ಹೋಗಿ ನೋಡುವಷ್ಟು ಕುತೂಹಲವೂ ಅವರಿಗಿರಲಿಲ್ಲ. ಆದರೂ ಬೆನ್ನು ತಟ್ಟಿದಾಗ ನನ್ನ ಬಾಯಿ ತಾನಾಗಿಯೇ ನಕ್ಕಿತು. ಆ ನಗು ನೆನಪಾದಾಗಲೆಲ್ಲ ಇವತ್ತಿಗೂ ಮುಖ ತೊಳೆದುಕೊಳ್ಳಬೇಕೆನ್ನಿಸುತ್ತದೆ.

ಮುಂದಿನ ಭಾನುವಾರಕ್ಕೆ ಕರಡಿ ಬೇಟೆ ಎಂದು ತೀರ್ಮಾನವಾಯಿತು. ನಾನೂ ಬರಬೇಕು, ಕೊಳವೆ ನೋಡಿಕೊಳ್ಳಬೇಕು. ಹುಬ್ಬಿಗೆ ಏಟು ಬಿದ್ದೀತೆಂಬ ಚಿಂತೆ ನನಗೆ ಹೋಗಿರಲಿಲ್ಲ. ನಮ್ಮ ಬೀದಿಯಲ್ಲಿ ಗೊಂಬೆ ಮಾಡುವ ಸಾಬರೊಬ್ಬರಿದ್ದರು. ತಿರುಗುವ ಮರಕ್ಕೆ ಬಣ್ಣದ ಅರಗು ಹಿಡಿದು ಹೊಳಪು ಕೊಡುವ ಕೆಲಸ. ಅವರನ್ನು ಕೇಳಿದೆ: ಕತ್ತಲಲ್ಲೂ ಕೆನ್ನೆಗೆ ತನ್ನ ಜಾಗ ತಿಳಿಯಬೇಕು, ಏನು ಮಾಡಬಹುದು?

"ಅದುಕ್ಕೇನು ಸ್ವಾಮಿ, ಮರದ ಮೇಲೆ ಒಂದು ತೊಟ್ಟು ಅರಗು ಬಿಡಿ. ಕಡಲೆಕಾಳಿನಷ್ಟು. ಕೆನ್ನೆಗೆ ತಾಕ್ತದೆ, ಅಲ್ಲೇ ನಿಲ್ತದೆ" ಎಂದು ಕೆಂಪು ಅರಗಿನ ಒಂದು ತುಂಡು ಕೊಟ್ಟರು. ಯಾತಕ್ಕೆಂದು ಕೇಳಿದರು. ಹೇಳಿದೆ. "ಕರಡಿನಾ? ಪಾಪ, ಅದೇನು ಮಾಡ್ತು ಅವರ್ಗೆ?" ಎಂದು ಮತ್ತೆ ತಮ್ಮ ಕೆಲಸಕ್ಕೆ ತಿರುಗಿದರು. ನನಗೂ ಅದು ಗೊತ್ತಿರಲಿಲ್ಲ.

ಮಾಗಡಿ ರಸ್ತೆಯಲ್ಲಿ ಬಂಡೆಗುಡ್ಡಗಳ ಬುಡಕ್ಕೆ ಒಂದು ಹಳ್ಳಿ. ಶನಿವಾರ ಸಂಜೆಯೇ ಅಲ್ಲಿ ಬಿಡಾರ ಹಾಕಿದ್ದರು. ನಾನು ರೈಫಲ್ಲಿನ ಮರಕ್ಕೆ ಅರಗಿನ ತೊಟ್ಟು ಅಂಟಿಸಿ ತೋರಿಸಿದೆ. ಬೆಳಿಗ್ಗೆ ನೋಡಿದರೆ ಅದಿಲ್ಲ. ಅಧಿಕಾರಿ ಚಾಕುವಿನಿಂದ ಕೆರೆದು ಹಾಕಿದ್ದರು.

"ಎಂಥ ಮರ ಗೊತ್ತೇನಯ್ಯ ಅದು? ಮುಖಕ್ಕೆ ಮೊಡವೆ ಎದ್ದ ಹಾಗೆ ಮಾಡಿದ್ದೀಯಲ್ಲ."

ಸೋವಿಗೆ, ಅಂದರೆ ಕೂಗು ಹಾಕಿ ಡಬ್ಬ ಬಡಿದು ಮೃಗವನ್ನು ಎಬ್ಬಿಸುವುದಕ್ಕೆ, ಪಟೇಲ ಇಪ್ಪತ್ತು ಜನರನ್ನು ಕರೆತಂದಿದ್ದ. ಅವರೆಲ್ಲ ಹೊಲಗೆಲಸ ಬಿಟ್ಟು ಬಂದಿದ್ದವರು. ಅವರಲ್ಲಿ ಒಬ್ಬ ನಲವತ್ತರ ರೈತ, ಎತ್ತರದ ಆಳು, ಮಾತಿನಲ್ಲಿ ಗೆಲುವು. ಸೂರ್ಯ ಹುಟ್ಟುವ ಹೊತ್ತಿಗೆ ಅಧಿಕಾರಿ ಡೇರೆಯೊಳಗೆ ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದರು. ನಾನು ಹೊರಗೆ ಕೊಳವೆ ಒರೆಸುತ್ತಿದ್ದೆ. ಆತ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತ.

"ಸ್ವಾಮಿ, ಒಸಿ ನಾನೂ ನೋಡ್ಲಾ?"

ರೈಫಲ್ಲನ್ನು ಕಲ್ಲಿನ ಮೇಲೆ ಒರಗಿಸಿ, ಆತನ ಕಣ್ಣಿಗೆ ಪಟ್ಟಿಯನ್ನು ತಿರುಗಿಸಿಕೊಟ್ಟೆ. ಎರಡೇ ಸುತ್ತಿಗೆ ಸರಿಹೋಯಿತು. ಒಳ್ಳೆಯ ಕಣ್ಣು. ಗುಡ್ಡದ ಮೇಲಿನ ಒಂದು ಗವಿಯ ಕಡೆ ನೋಡುತ್ತಾ ಉಸಿರು ಬಿಗಿಹಿಡಿದ.

"ಬತ್ತಾವ್ಳೆ ನೋಡಿ. ರಾತ್ರಿಯೆಲ್ಲ ತಿರುಗ್ಬುಟ್ಟು ಈಗ ಮನೆಗೆ ಬತ್ತಾವ್ಳೆ. ಬೆನ್ನ್ ಮ್ಯಾಲೆ ಮರಿ ಐತೆ ಸ್ವಾಮಿ."

ನಾನು ನೋಡಿದೆ. ಬೂದಿ ಬಣ್ಣದ ಬಂಡೆಯ ಮೇಲೆ ತಾಯಿ ಕರಡಿ ನಿಧಾನವಾಗಿ ಏರುತ್ತಿತ್ತು. ಬೆನ್ನಿನ ಉದ್ದ ಕೂದಲನ್ನು ಎರಡು ಮುಷ್ಟಿಯಲ್ಲಿ ಹಿಡಿದು ಮರಿ ಮಲಗಿತ್ತು. ತಾಯಿ ಹೆಜ್ಜೆ ಹಾಕಿದಾಗಲೆಲ್ಲ ಅದರ ತಲೆ ಅಲ್ಲಾಡುತ್ತಿತ್ತು. ಗವಿಯ ಬಾಯಲ್ಲಿ ಒಮ್ಮೆ ನಿಂತು ಮೂಸಿ, ಒಳಗೆ ಹೋಯಿತು.

"ಇವ್ಳು ಯಾರ್ ತಂಟೆಗೂ ಬಂದೋಳಲ್ಲ" ಎಂದ ಆತ. "ನೀವ್ ಹೇಳಿದ್ರೆ ಕೇಳ್ತಾರಾ ದೊರೆಗಳು?"

ಡೇರೆಯೊಳಗೆ ಹೋಗಿ ಹೇಳಿದೆ. "ಮರಿ ಇದೆ ಸ್ವಾಮಿ. ಬೇರೆ ಗಂಡು ಕರಡಿ ಸಿಗಬಹುದು, ಇನ್ನೊಂದು ದಿನ ನೋಡಬಹುದು."

ಅವರು ಮೀಸೆಗೆ ಅಂಟಿದ ಮೊಟ್ಟೆಯ ಹಳದಿಯನ್ನು ಒರೆಸಿಕೊಂಡರು. "ಮರಿಯೂ ಇದೆಯೋ? ಬದುಕಿದ್ದರೆ ಮನೆಯಲ್ಲಿ ಕಟ್ಟಿ ಹಾಕೋಣ. ಮಕ್ಕಳು ಆಡಿಕೊಳ್ಳುತ್ತಾರೆ."

ನಾನು ಹೊರಗೆ ಬಂದೆ. ಕೊಳವೆಯನ್ನು ರೈತನ ಕಣ್ಣಿನಿಂದ ಅಧಿಕಾರಿಯ ಕಣ್ಣಿಗೆ ಮತ್ತೆ ತಿರುಗಿಸಿ, ಉಂಗುರವನ್ನು ಎರಡಕ್ಕೆ ಇಟ್ಟುಕೊಟ್ಟೆ. ಗಾಜನ್ನು ಚೆನ್ನಾಗಿ ಒರೆಸಿಯೂ ಕೊಟ್ಟೆ. ಮಸುಕಾಗಿ ಬಿಟ್ಟಿದ್ದರೆ ಆಗುತ್ತಿತ್ತು. ಒಂದು ಕಾಲು ಸುತ್ತು ಹೆಚ್ಚು ತಿರುಗಿಸಿದ್ದರೆ ಅವರಿಗೆ ಮಂಜು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅದು ನನಗೆ ಆ ಹೊತ್ತಿನಲ್ಲಿ ಹೊಳೆಯಿತು. ಹೊಳೆದೂ ಮಾಡಲಿಲ್ಲ. ಯಾಕೆಂದರೆ ಅವರು ಮಂಜು ಎಂದರೆ ನನ್ನ ಕೆಲಸ ಕೆಟ್ಟಿದೆ ಎಂದಂತೆ.

ಸೋವಿನವರು ಗವಿಯ ಮೇಲ್ಗಡೆಗೆ ಸುತ್ತಿ ಹೋದರು. ಅಧಿಕಾರಿ ಕೆಳಗೆ ಒಂದು ಚಪ್ಪಟೆ ಬಂಡೆಯ ಮೇಲೆ ಬೋರಲು ಮಲಗಿ ಕೋವಿಯ ಮೂತಿಯನ್ನು ಮೇಲಕ್ಕೆ ಎತ್ತಿ ಹಿಡಿದರು. ಮಲಗಿ ಮೇಲಕ್ಕೆ ಗುರಿಯಿಟ್ಟರೆ ತಲೆ ತಾನಾಗಿಯೇ ಮುಂದಕ್ಕೆ ಜಾರುತ್ತದೆ. "ಕೆನ್ನೆ ಹಿಂದಕ್ಕಿರಲಿ ಸ್ವಾಮಿ" ಎಂದೆ. "ಶ್!" ಎಂದರು. ಅವರ ಪಕ್ಕ ಜೋಡಿನಳಿಗೆ ಕೋವಿ ಹಿಡಿದ ಜವಾನ, ಹಿಂದೆ ನಾನು.

ಮೇಲಿನಿಂದ ಹೊಗೆಯೆಬ್ಬಿಸಿ, ಕಲ್ಲುರುಳಿಸಿ, ಡಬ್ಬ ಬಡಿದರು. ಕರಡಿ ಹೊರಗೆ ಬಂತು. ಮರಿ ಬೆನ್ನ ಮೇಲೆಯೇ ಇತ್ತು. ಅಧಿಕಾರಿಯ ಎಡಗೈ ಉಂಗುರವನ್ನು ಕಡೆಯತನಕ ತಿರುಗಿಸಿದ್ದು ನನಗೆ ಕಂಡಿತು. ಆರು ಪಟ್ಟು. ನೆರಳು ಕವಿದಿರಬೇಕು, ಕತ್ತನ್ನು ಮುಂದಕ್ಕೆ ಚಾಚಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗುಂಡು ಹಾರಿತು.

ಅಧಿಕಾರಿ "ಅಯ್ಯಯ್ಯೋ ಸತ್ತೆ!" ಎಂದು ಕಿರಿಚಿಕೊಂಡರು. ಕೋವಿ ಬಿಟ್ಟು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಹುಬ್ಬಿನ ಮೇಲೆ ಅರ್ಧಚಂದ್ರದ ಆಕಾರಕ್ಕೆ ಚರ್ಮ ಸೀಳಿ ರಕ್ತ ಸುರಿಯುತ್ತಿತ್ತು. ಮೇಲೆ ಕರಡಿ ಹಿಂಗಾಲು ಎಳೆಯುತ್ತಾ ಒಂದು ಸುತ್ತು ತಿರುಗಿತು. ಕೆಳಗೆ ಬರಲಿಲ್ಲ. ಮೇಲಕ್ಕೆ, ಸೋವಿನವರ ಸಾಲಿನ ಕಡೆಗೆ ನುಗ್ಗಿತು. ಡಬ್ಬದ ಸದ್ದು ನಿಂತಿತು. ಒಬ್ಬ ಮನುಷ್ಯನ ಕೂಗು ಕೇಳಿಸಿತು. ಜವಾನ ಹತ್ತಿ ಓಡಿದ. ಎರಡು ಈಡು ಕೇಳಿಸಿದವು.

ನಾನು ಹತ್ತಿ ಹೋದಾಗ ಕರಡಿ ಸತ್ತು ಬಿದ್ದಿತ್ತು, ಅದರ ಆಚೆ ಎತ್ತರದ ಆ ರೈತ. ನೆತ್ತಿಯ ಚರ್ಮ ಹಿಂದಕ್ಕೆ ಮಗುಚಿಕೊಂಡಿತ್ತು. ಎಡಗಿವಿ ಇರಲಿಲ್ಲ. ಕೆನ್ನೆ ಸೀಳಿ ಹಲ್ಲು ಕಾಣುತ್ತಿತ್ತು. ಜೊತೆಯವರು ಪೇಟ ಬಿಚ್ಚಿ ಸುತ್ತುತ್ತಿದ್ದರು. ಸತ್ತ ತಾಯಿಯ ಬೆನ್ನಿನಿಂದ ಮರಿ ಇಳಿದಿರಲಿಲ್ಲ. ಮುಷ್ಟಿ ಬಿಡಿಸಲು ಹೋದ ಒಬ್ಬನ ಕೈ ಕಚ್ಚಿತು. ಕೊನೆಗೆ ಕೂದಲ ಸಮೇತ ಕಿತ್ತು ಗೋಣಿಚೀಲಕ್ಕೆ ಹಾಕಿದರು.

ಕ್ಲೋಸ್‌ಪೇಟೆಯ ಆಸ್ಪತ್ರೆಗೆ ಅಧಿಕಾರಿ ಮೋಟಾರಿನಲ್ಲಿ ಹೋದರು. ಅವರ ಹುಬ್ಬಿಗೆ ಬಟ್ಟೆ ಒತ್ತಿ ಹಿಡಿಯಲು ನನ್ನನ್ನು ಕೂರಿಸಿಕೊಂಡರು. ಹಿಂದಿನ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. "ಆತನನ್ನೂ..." ಎಂದೆ. "ಸೀಟೆಲ್ಲ ರಕ್ತವಾಗುತ್ತೆ, ಗಾಡಿ ಬರುತ್ತೆ" ಎಂದರು. ದಾರಿಯುದ್ದಕ್ಕೂ ಬ್ರಾಂದಿ ಬೆರೆತ ಅವರ ಉಸಿರು ನನ್ನ ಮುಖಕ್ಕೆ ಬಡಿಯುತ್ತಿತ್ತು. ಅವರ ರಕ್ತ ನನ್ನ ಬೆರಳ ನಡುವೆ ಅಂಟಂಟಾಗಿ ಒಣಗುತ್ತಿತ್ತು. ಹನ್ನೊಂದು ವರ್ಷ ಚಿಟ್ಟೆ ಅರೆದವನಿಗೆ ಆ ದಿನ ಮೊದಲ ಸಲ ಬಾಯಿಗೆ ಬಂದಂತಾಯಿತು.

ಡಾಕ್ಟರು ವಯಸ್ಸಾದವರು, ಮಿತಭಾಷಿ. ಹುಬ್ಬನ್ನು ತೊಳೆದು ನೋಡಿದರು. ಕಂಪಾಸಿನಲ್ಲಿ ಎಳೆದಷ್ಟು ನೀಟಾದ ಗೆರೆ.

"ಏನಾಯಿತು?"

"ಕರಡಿ" ಎಂದರು ಅಧಿಕಾರಿ, ಕಣ್ಣು ಮುಚ್ಚಿಕೊಂಡೇ. "ಪಂಜಾ ಬೀಸಿತು. ಕಣ್ಣು ಒಂದು ಕೂದಲೆಳೆಯಲ್ಲಿ ಉಳಿಯಿತು."

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಮೂರು ಹೊಲಿಗೆ ಹಾಕಿದರು. ಅಧಿಕಾರಿಗೆ ಟೀ ಬಂತು. ಎತ್ತಿನ ಗಾಡಿ ಬಂದು ನಿಲ್ಲುವಾಗ ಮಧ್ಯಾಹ್ನವಾಗಿತ್ತು. ಆತನನ್ನು ಜಗಲಿಯ ಮೇಲೆ ಮಲಗಿಸಿದರು. ನಾನು ಟವಲಿನಿಂದ ನೊಣ ಓಡಿಸುತ್ತಾ ಕುಳಿತೆ. ಎಚ್ಚರವಿತ್ತು ಆತನಿಗೆ. ಏನೋ ಹೇಳಲು ಹೋದ, ಕೆನ್ನೆಯ ಸೀಳಿನಿಂದ ಗಾಳಿ ಮಾತ್ರ ಹೊರಟಿತು. ಡಾಕ್ಟರು ಸಂಜೆಯವರೆಗೂ ಆತನ ಮೇಲೆ ಬಗ್ಗಿ ಹೊಲಿದರು.

ಮರಿ ಬಂಗಲೆಯಲ್ಲಿ ಹಸುವಿನ ಹಾಲು ಮುಟ್ಟದೆ ಎರಡನೆಯ ದಿನ ಸತ್ತಿತಂತೆ. ಅಷ್ಟರಲ್ಲಿ ಫೋಟೋ ತೆಗೆಸಿ ಆಗಿತ್ತು. ಸತ್ತ ಕರಡಿಯ ತಲೆಯ ಮೇಲೆ ಬೂಟುಗಾಲು, ಹಣೆಗೆ ಬಿಳಿ ಪಟ್ಟಿ, ಕೈಯಲ್ಲಿ ಕೊಳವೆಯ ರೈಫಲ್.

ವಾರ ಕಳೆದು ಜವಾನ ಚನ್ನಪಟ್ಟಣಕ್ಕೆ ಒಂದು ಕಾಗದ ತಂದ. ಜೊತೆಗೆ ಬಾಯಿ ಕಟ್ಟಿದ ಒಂದು ಜಾಡಿ. ಕಾಗದದಲ್ಲಿ, ಬೇಟೆಯ ದಿನ ಅಧಿಕಾರಿಯವರ ಹಣೆಗೆ ಕರಡಿಯ ಉಗುರಿನಿಂದ ಗಾಯವಾಯಿತು, ಅದನ್ನು ನಾನು ಕಣ್ಣಾರೆ ಕಂಡೆ ಎಂದಿತ್ತು. "ಏನಿಲ್ಲ, ಗೆಳೆಯರಿಗೆ ತೋರ್ಸಕ್ಕಂತೆ. ಒಂದು ರುಜು ಹಾಕ್ಬುಡಿ" ಎಂದ ಜವಾನ. ನನಗೆ ಒಳಗೊಳಗೇ ನಗು ಬಂತು. ಹುಬ್ಬಿಗೆ ಕೊಳವೆ ಹೊಡೆಸಿಕೊಂಡವನು ಶೂರನಾಗಲು ಹೊರಟಿದ್ದಾನೆ, ಆಗಲಿ, ನನ್ನ ಗಂಟೇನು ಹೋಯಿತು ಎಂದುಕೊಂಡು ರುಜು ಹಾಕಿದೆ. ಜಾಡಿಯಲ್ಲಿ ಕರಡಿಯ ಕೊಬ್ಬಿತ್ತು, ಮಂಡಿನೋವಿಗೆ ಒಳ್ಳೆಯದಂತೆ. ಮನೆಗೆ ತಂದು ಹೆಂಡತಿಗೆ ಎಲ್ಲವನ್ನೂ ತಮಾಷೆಯಾಗಿ ಹೇಳಿದೆ. ಅವಳು ನಗಲಿಲ್ಲ.

"ಸುಳ್ಳು ಅಂತ ಗೊತ್ತಿದ್ದೂ ಬರೆದುಕೊಟ್ಟಿರಾ?"

"ಯಾರಿಗೇನು ನಷ್ಟ ಅದರಿಂದ?"

ಅವಳು ಜಾಡಿಯ ಬಟ್ಟೆ ಬಿಚ್ಚಿದಳು. ಆ ನಾತ ಮನೆಯೆಲ್ಲ ತುಂಬಿತು. ಕೆಟ್ಟ ತುಪ್ಪ, ಒದ್ದೆ ನಾಯಿ, ಹೊಗೆ, ಎಲ್ಲ ಸೇರಿದ ನಾತ. "ಇದನ್ನ ಎಸೆದು ಬನ್ನಿ, ಈಗಲೇ" ಎಂದಳು. ಊರಾಚೆ ತಿಪ್ಪೆಯಲ್ಲಿ ಸುರಿದು ಬಂದೆ.

ನಷ್ಟ ಯಾರಿಗೆಂದು ತಿಂಗಳೊಳಗೆ ತಿಳಿಯಿತು. ಆ ರೈತನ ಗಾಯ ಹೇಗಿದೆ ನೋಡೋಣವೆಂದು ಜಟಕಾ ಮಾಡಿಕೊಂಡು ಆ ಹಳ್ಳಿಗೆ ಹೋದೆ. ಹಿಪ್ಪುನೇರಳೆ ತೋಟದ ಪಕ್ಕ ಸಣ್ಣ ಹೆಂಚಿನ ಮನೆ. ಆತ ತಲೆಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಎಡಗೆನ್ನೆ ಒಂದು ಕಡೆಗೆ ಎಳೆದುಕೊಂಡಿತ್ತು. ನನ್ನನ್ನು ಕಂಡು ಏಳಲು ಹೋದ. ಆತನ ಹೆಂಡತಿ ಬಾಗಿಲಲ್ಲಿ ನಿಂತಳು, ಕೂರಿ ಎನ್ನಲಿಲ್ಲ.

"ನೀವೇ ಅಲ್ವಾ ರುಜು ಹಾಕಿರೋರು?"

ಯಾವ ರುಜು ಎಂದು ಕೇಳುವ ಮುಂಚೆಯೇ ಅವಳು ಹೇಳತೊಡಗಿದಳು. "ದೊರೆಗಳು ಕಳ್ಸಿದ್ ಕಾಗ್ದನ ಪಟೇಲ್ರು ಓದಿ ಹೇಳುದ್ರು. ಇವ್ರು ಮಾತು ಕೇಳ್ದೆ ಕರಡಿ ಮ್ಯಾಲೆ ಓಡೋದ್ರಂತೆ. ಇವ್ರ ಜೀವ ಉಳಿಸಕ್ಕೋಗಿ ದೊರೆಗಳು ಪಂಜದ ಏಟು ತಿಂದ್ರಂತೆ. ಅದುಕ್ಕೆ ಚನ್ನಪಟ್ಟಣದ ಸ್ವಾಮೇರು ಸಾಕ್ಷಿಯಂತೆ. ಊರೋರ್ನೆಲ್ಲ ಕರ್ಸಿ, ಇನ್ಮ್ಯಾಲೆ ಹಿಂಗ್ ಮಾಡಿದ್ರೆ ಹುಸಾರು ಅಂತ ಬೈದ್ರು. ಏನ್ ಕಂಡ್ರಿ ನೀವು? ಹೇಳಿ, ನಾನೂ ಕೇಳ್ತೀನಿ."

ಆತ ಕೈ ಆಡಿಸಿದ. ತುಟಿ ಪೂರ್ತಿ ಮುಚ್ಚದೆ ಮಾತು ಸೋರುತ್ತಿತ್ತು. "ಬುಡಮ್ಮಿ. ಅವ್ರೇನ್ ಮಾಡಾರು. ದೊಡ್ಡೋರ ಸವಾಸ."

"ನೀನ್ ಸುಮ್ಕಿರು. ನಾನ್ ಅವ್ರ್ನ ಕೇಳ್ತಾ ಇವ್ನಿ."

ನಾನು ಕಂಡದ್ದನ್ನು ಅಲ್ಲಿಯೇ ಹೇಳಿದೆ. ಆರು ಪಟ್ಟು, ಮುಂದೆ ಚಾಚಿದ ಕತ್ತು, ಹುಬ್ಬಿಗೆ ಬಿದ್ದ ಉಂಗುರ, ಕರಡಿ ಕೆಳಗೆ ಬರದೇ ಇದ್ದದ್ದು, ನಾನು ಹಾಕಿದ ರುಜು. ಅವಳು ಕೊನೆಯವರೆಗೂ ಕೇಳಿ, "ಇದ ಇಲ್ಲಿ ಯಾಕ್ ಹೇಳ್ತೀರಿ, ಕಾಗ್ದದಲ್ಲಿ ಬರೀರಿ" ಎಂದು ಒಳಗೆ ಹೋದಳು.

ಬರೆದೆ. ಮೊದಲ ಹೇಳಿಕೆ ಸುಳ್ಳು, ಅದನ್ನು ಬರೆದುಕೊಟ್ಟ ತಪ್ಪು ನನ್ನದು ಎಂದು ಆರಂಭಿಸಿ ನಡೆದದ್ದನ್ನೆಲ್ಲ ಎರಡು ಹಾಳೆಯಲ್ಲಿ ಬರೆದು ತಾಲ್ಲೂಕು ಕಚೇರಿಗೆ ಕೊಟ್ಟೆ. ನಾಲ್ಕನೆಯ ದಿನ ಬಂಗಲೆಯಿಂದ ಕರೆ ಬಂತು. ಅಧಿಕಾರಿ ಆರಾಮಕುರ್ಚಿಯಲ್ಲಿದ್ದರು. ಹುಬ್ಬಿನ ಗೆರೆ ಆಗಲೇ ತೆಳುವಾಗಿತ್ತು. ಕಾಲ ಕೆಳಗೆ ಹದ ಮಾಡಿದ ಕರಡಿಯ ಚರ್ಮ, ಇನ್ನೂ ಸುಣ್ಣದ ವಾಸನೆ ಹೊಡೆಯುತ್ತಿತ್ತು.

"ಮೊದಲು ಬರೆದಿದ್ದು ಸುಳ್ಳೋ, ಈಗ ಬರೆದಿದ್ದು ಸುಳ್ಳೋ?"

"ಮೊದಲಿನದು, ಸ್ವಾಮಿ."

"ಅಂದರೆ ನೀನು ಸುಳ್ಳು ಬರೆಯುವವನು ಅಂತಾಯಿತು. ಅಂಥವನ ಎರಡನೆಯ ಕಾಗದಕ್ಕೆ ಏನು ಬೆಲೆ?" ಅವರಿಗೆ ಕೋಪವಿರಲಿಲ್ಲ. ಅದೇ ನನಗೆ ಹೆಚ್ಚು ಅಸಹ್ಯವಾಯಿತು. ಎಲೆಯಡಿಕೆ ಜಗಿಯುತ್ತಾ, ಸಲಿಗೆಯಿಂದ ಮಾತಾಡುತ್ತಿದ್ದರು. "ಆ ಹಳ್ಳಿಯವನಿಗೆ ಏನಾಗಬೇಕು? ಒಂದು ಬೈಗುಳ ತಿಂದ, ಅಷ್ಟೇ ತಾನೆ. ವಾಪಸ್ಸು ತಗೋ ಕಾಗದ. ನಿನ್ನ ಕಣ್ಣು ಒಳ್ಳೆಯದು ಕಣಯ್ಯ, ಬೆಂಗಳೂರಿಗೆ ಕರೆಸಿಕೊಳ್ಳೋಣ ಅಂತಿದ್ದೆ."

"ತಗೊಳ್ಳೋದಿಲ್ಲ, ಸ್ವಾಮಿ." ಧೈರ್ಯದಿಂದ ಹೇಳಿದೆ ಎಂದು ಬರೆಯಲಾರೆ. ಅಲ್ಲಿಂದ ಎದ್ದು ಹೋದರೆ ಸಾಕಾಗಿತ್ತು, ಅಷ್ಟೇ.

ಅವರು ಹೇಳಿದ್ದು ನಿಜವೇ ಆಗಿತ್ತು. ನನ್ನ ಎರಡನೆಯ ಕಾಗದವನ್ನು ಕಚೇರಿಯಲ್ಲಿ ಯಾರೂ ನಂಬಲಿಲ್ಲ. ಆದರೆ ತಾಲ್ಲೂಕಿನ ಮುಖ್ಯಸ್ಥರಾದ ಅಮಲ್ದಾರರು ಪದ್ಧತಿಯಂತೆ ಆಸ್ಪತ್ರೆಯಿಂದ ಗಾಯದ ದಾಖಲೆ ತರಿಸಿದರು. ಡಾಕ್ಟರು ಆ ದಿನವೇ ತಮ್ಮ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು: ಹುಬ್ಬಿನ ಮೇಲೆ ದುಂಡಗಿನ ಲೋಹದ ಅಂಚಿನಿಂದ ಆದ ಗಾಯ, ಮೃಗದ ಉಗುರಿನದಲ್ಲ. ಒಂದೇ ಸಾಲು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಅದರಿಂದಾಗಿ ರೈತನ ಮೇಲಿನ ಆರೋಪವನ್ನು ಸದ್ದಿಲ್ಲದೆ ಹೊಡೆದುಹಾಕಿದರು. ಪಟೇಲ ಊರವರನ್ನು ಮತ್ತೆ ಕರೆಸಿ ತಪ್ಪಾಯಿತೆಂದು ಹೇಳಿದನೇ? ಇಲ್ಲ. ಅಧಿಕಾರಿಗೆ ಏನಾದರೂ ಆಯಿತೇ? ಅದೂ ಇಲ್ಲ. ಅವರ ಪಡಸಾಲೆಯಲ್ಲಿ ಆ ಫೋಟೋ ತೂಗುತ್ತಿತ್ತು, ಬಂದವರಿಗೆಲ್ಲ ಹಣೆ ತೋರಿಸುತ್ತಿದ್ದರು ಎಂದು ಆಮೇಲೂ ಕೇಳಿದ್ದೇನೆ.

ನನ್ನ ಕಡತದಲ್ಲಿ ಮಾತ್ರ ಒಂದು ಷರಾ ಬಂತು: ಈತನ ದೃಷ್ಟಿ ದುರ್ಬಲ, ಸೂಕ್ಷ್ಮದರ್ಶಕದ ಕೆಲಸಕ್ಕೆ ಅಯೋಗ್ಯ. ನಮ್ಮ ಮೇಲಧಿಕಾರಿ ಅದನ್ನು ಓದಿಹೇಳುವಾಗ ನನ್ನ ಮುಖ ನೋಡಲಿಲ್ಲ. ನನ್ನನ್ನು ಸೊಪ್ಪು ಕತ್ತರಿಸುವ ಮನೆಗೆ ಹಾಕಿದರು. ನನ್ನ ಜಾಗಕ್ಕೆ ಬಂದವರಿಗೆ ಗಂಟುರೋಗದ ಚುಕ್ಕೆಗೂ ಧೂಳಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆ ವರ್ಷ ಕಾನಕಾನಹಳ್ಳಿಯ ಕಡೆಯ ಎಷ್ಟೋ ಮನೆಗಳಲ್ಲಿ ಹುಳು ಗೂಡು ಕಟ್ಟದೆ ಸತ್ತವು. ಸತ್ತ ಹುಳುಗಳನ್ನು ಮೊರದಲ್ಲಿ ತಂದು ನಮ್ಮ ಬಾಗಿಲಿಗೆ ಸುರಿದು ಹೋದರು. ಆ ಕೊಳೆತ ರಾಶಿಯನ್ನು ಗುಡಿಸಿ ತೆಗೆದವನು ನಾನೇ.

ಎರಡು ವರ್ಷ ಕಳೆದಿರಬೇಕು. ಕ್ಲೋಸ್‌ಪೇಟೆಯ ರೈಲ್ವೆ ನಿಲ್ದಾಣದಲ್ಲಿ, ಕಚೇರಿ ಕೆಲಸಕ್ಕೆ ಬೆಂಗಳೂರಿಗೆ ಹೊರಟಿದ್ದಾಗ, ಆ ರೈತ ಸಿಕ್ಕಿದ. ಪೇಟವನ್ನು ಎಡಗಡೆ ಇಳಿಬಿಟ್ಟು ಕಿವಿಯಿಲ್ಲದ ಜಾಗ ಮುಚ್ಚಿಕೊಂಡಿದ್ದ. ತಾನೇ ಗುರುತು ಹಿಡಿದು ಹತ್ತಿರ ಬಂದ. ಮಗಳ ಮದುವೆಗೆ ನೆಂಟರನ್ನು ಕರೆಯಲು ಹೊರಟಿದ್ದನಂತೆ. ಮಾತು ಈಗ ಸುಮಾರಾಗಿ ಅರ್ಥವಾಗುತ್ತಿತ್ತು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಆತ ಅದಕ್ಕೆ ಅವಕಾಶ ಕೊಡದೆ ಇನ್ನೇನೋ ಹೇಳತೊಡಗಿದ.

"ಆ ಗವಿಗೆ ಮತ್ತೆ ಬಂದವೆ ಸ್ವಾಮಿ. ಜೋಡಿ. ಮುಂಜಾನೆ ತೋಟಕ್ಕೋದಾಗ ಕಾಣ್ತವೆ."

"ಹೆದರಿಕೆಯಾಗೋದಿಲ್ವೇ?"

"ಆಗ್ದೆ ಏನು? ಆಯ್ತದೆ. ದೂರ ಇರ್ತೀನಿ." ಆಮೇಲೆ ದನಿ ತಗ್ಗಿಸಿದ. "ನೀವ್ ಯಾರ್ಗೂ ಹೇಳ್ಬ್ಯಾಡಿ."

ರೈಲು ಬಂತು. ಆತ ಮೈಸೂರಿನ ಕಡೆಗೆ ಹೋದ. ನಾನು ಬೆಂಗಳೂರಿನ ಗಾಡಿಗೆ ಕಾಯುತ್ತಾ ಕುಳಿತೆ.